ಮಂಠಾಳದಲ್ಲಿ ಈ ವರ್ಷದ ಕೂಟ

ಪೂನಂಳ ಅಪ್ಪಾಜಿಗೆ,

ನೀವು ಹೊಲದಿಂದ ಬರುವ ತನಕ ಕಾಯಲಿಲ್ಲ. ಪೂನಂಳನ್ನು ಕರೆದುಕೊಂಡು ಹುಮನಾಬಾದ ಬಸ್ಸಿಗೆ ಹೊರಟಿದ್ದೇನೆ. ಅಲ್ಲಿಂದ ಬಸವಕಲ್ಯಾಣ, ಆಮೇಲೆ ಮಂಠಾಳದಲ್ಲಿ ನಿಮ್ಮ ಅಣ್ಣನ ಮನೆ.

ರೊಟ್ಟಿ ಬುಟ್ಟಿಯಲ್ಲಿದೆ. ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿರಿ. ಎಮ್ಮೆಗೆ ನೀರು ಕುಡಿಸಿದ್ದೇನೆ, ಮೇವು ಮಾತ್ರ ನೀವು ಹಾಕಬೇಕು.

ಅತ್ತೆಯವರನ್ನು ಮಣ್ಣು ಮಾಡಲು ಸೇರಿದಾಗ ಅಣ್ಣತಮ್ಮಂದಿರ ಮಕ್ಕಳಿಗೇ ಒಬ್ಬರಿಗೊಬ್ಬರ ಗುರುತು ಸಿಗಲಿಲ್ಲವೆಂದು ನೊಂದು, ವರ್ಷಕ್ಕೊಮ್ಮೆ ಎಲ್ಲರೂ ಕೂಡಬೇಕೆಂದು ಶುರು ಮಾಡಿದವರು ನೀವೇ. ಹೋದ ವರ್ಷ ನಮ್ಮ ಮನೆಯಲ್ಲಿ ಎಲ್ಲರೆದುರು, "ಅವ್ವನ್ನ ಕಡೀತನಕ ನೋಡಿದಾಂವ ನಾ ಒಬ್ಬನೇ" ಎಂದವರೂ ನೀವೇ. ಭಾವ ಉಣ್ಣದೆ ಎದ್ದುಹೋದರು. ಈ ಸಲ ಅವರ ಮನೆಯಲ್ಲಿ ಕೂಟವೆಂದು ತಿಳಿದಾಗಿನಿಂದ ನೀವು ಬರುವುದಿಲ್ಲ ಎನ್ನುತ್ತಿದ್ದೀರಿ.

ಮುಂಜಾನೆ ಭಾವನೇ ಫೋನ್ ಮಾಡಿದ್ದರು. "ಅಂವ ಅಂದಿದ್ದು ಖರೇ ಅದ ಯವ್ವಾ. ಅವ್ವನ್ನ ನಾ ನೋಡ್ಲಿಲ್ಲ. ಆದ್ರೂ ಅವನಿಗಿ ಬಾ ಅನ್ನು," ಎಂದರು. ಹೂಂ ಎಂದು ಇಟ್ಟುಬಿಟ್ಟೆ. ಅವರಿಗೆ ಉತ್ತರ ಕೊಡಬೇಕಾದವಳು ನಾನಲ್ಲ.

ಮಧ್ಯಾಹ್ನವೂ ಬಸ್ಸಿದೆ. ಹೊರಡುವುದಾದರೆ ಎಮ್ಮೆಯನ್ನು ಪಕ್ಕದ ಮನೆಯ ಬಾಳಮ್ಮ ನೋಡಿಕೊಳ್ಳುತ್ತಾಳೆ, ಹೇಳಿಟ್ಟಿದ್ದೇನೆ. ನಿಮ್ಮ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಗೂಟಕ್ಕೆ ತೂಗುಹಾಕಿದ್ದೇನೆ.

ರತ್ನಮಾಲಾ