ಕೊಟ್ರಮ್ಮನ ದವಡೆಯ ಪಾಠ

ಹರಿಹರ
ಫೆಬ್ರವರಿ ಮೂವತ್ತು, 2231

ನಮಗಿಂತ ಹಿಂದಿನ ಹಲ್ಲಿನ ವೈದ್ಯರಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಂಡೀತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಏಳನೆಯ ತರಗತಿಯವರೆಗೆ ಓದಿ, ಪಂಪ್‌ಹೌಸಿನಲ್ಲಿ ದುಡಿದವನು. ದಿನಚರಿ ಬರೆಯುವ ಅಭ್ಯಾಸವಿದೆ, ಅಷ್ಟೇ. ನನ್ನ ಹೆಂಡತಿ ಕೊಟ್ರಮ್ಮ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಇದನ್ನು ಹಿಂದಂಚೆಗೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಗೆ, ಹಾಕುತ್ತಿದ್ದೇನೆ. ಇನ್ನೂರು ವರ್ಷಕ್ಕಿಂತ ಈಚೆಗೆ ಅದು ಹೋಗುವುದಿಲ್ಲ; ಹೋಗುವಂತಿದ್ದರೆ ಅವಳಿಗೇ ಬರೆಯುತ್ತಿದ್ದೆ.

ನೀವು ಇಂಪ್ಲಾಂಟ್ ಎನ್ನುವುದನ್ನು ನಾವು ನಾಟಿಹಲ್ಲು ಎನ್ನುತ್ತೇವೆ. ಈಗಲೂ ಅದು ದವಡೆಯ ಮೂಳೆಗೆ ತಿರುಪು ಕೂರಿಸಿ ಕಟ್ಟುವ ಹಲ್ಲೇ. ಆದರೆ ಅದನ್ನು ಕೂರಿಸುವ ವೈದ್ಯರು, ಎಷ್ಟೇ ಹಿರಿಯರಿರಲಿ, ಏಳು ವರ್ಷಕ್ಕೊಮ್ಮೆ ನಲವತ್ತು ದಿನ ಮತ್ತೆ ವಿದ್ಯಾರ್ಥಿಗಳಾಗಬೇಕು. ಇದಕ್ಕೆ ಮರುಬೆಂಚು ಎಂದು ಹೆಸರು. ನಮ್ಮೂರಿನದು ಹೊಳೆದಂಡೆಯಲ್ಲಿದೆ. ಅಲ್ಲಿ ತಮ್ಮ ಉಪಕರಣವನ್ನು ತಾವೇ ತೊಳೆಯುತ್ತಾರೆ, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಹಾಜರಿಯಲ್ಲಿ ಯಾರ ಹೆಸರಿನ ಮುಂದೆಯೂ ಡಾಕ್ಟರ್ ಎಂದು ಬರೆಯುವುದಿಲ್ಲ. ಪಾಠ ನಡೆಯುವುದು ಜನ ಸಾಯುವ ಮೊದಲು ದಾನವಾಗಿ ಬರೆದುಕೊಟ್ಟ ದವಡೆಗಳ ಮೇಲೆ. ದವಡೆಯನ್ನು ಕೊಯ್ದು ಬಿಡಿಸುವ ಮುನ್ನ ಸತ್ತವರ ಹತ್ತಿರದವರೊಬ್ಬರು ಬಂದು, ಆ ಬಾಯಿ ಹೇಗೆ ಉಣ್ಣುತ್ತಿತ್ತೆಂದು ಹೇಳಬೇಕು. ಅದನ್ನು ಊಟದ ಮಾತು ಎನ್ನುತ್ತಾರೆ. ಹಲ್ಲು ಕೂರಿಸಿದವರ ಹೆಸರನ್ನು ಮಾತ್ರ ಹೇಳುವಂತಿಲ್ಲ.

ಕೊಟ್ರಮ್ಮನ ಕೆಳದವಡೆಗೆ ಹಲ್ಲು ಕೂರಿಸಿದವರು ಓಂಕಾರಯ್ಯನವರು; ಈ ಸೀಮೆಗೆಲ್ಲ ಹೆಸರಾದ ಕೈ. ಅಂದಿನಿಂದ ಅವಳ ಕೆಳತುಟಿಯ ಎಡಭಾಗ ಜೋಮು ಹಿಡಿದೇ ಉಳಿಯಿತು. ಅನ್ನದಗುಳು ಅಂಟಿದರೂ ತಿಳಿಯುತ್ತಿರಲಿಲ್ಲ. ಮದುವೆಯೂಟದಲ್ಲಿ ಎದುರು ಸಾಲಿನಿಂದ ನಾನು ನನ್ನ ತುಟಿ ಮುಟ್ಟಿಕೊಂಡರೆ ಅವಳು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಡಾಕ್ಟರಿಗೆ ಹೇಳು ಎಂದರೆ, “ಬೇಜಾರು ಮಾಡ್ಕಂತಾರೆ ಕಣ್ರೀ. ರೊಟ್ಟಿ ಕಡಿಯಂಗೆ ಮಾಡ್ಯಾರಲ್ಲ, ಸಾಕು” ಎನ್ನುತ್ತಿದ್ದಳು. ಕೊನೆಯ ಕಾಯಿಲೆಯಲ್ಲಿ ದವಡೆ ಬರೆದುಕೊಟ್ಟ ದಿನ ಮಾತ್ರ, “ಈಗ ನೋಡ್ಲಿ, ನೋಡಿದ್ರೆ ಕಲೀತಾರೆ. ನೀವು ಎಂದಿನಂಗೆ ಬಾಯಿ ಮುಚ್ಕಂಡು ಬರಬ್ಯಾಡ್ರಿ” ಎಂದಳು.

ಊಟದ ಮಾತಿಗೆ ನಿಂತಾಗ ಮೂರನೆಯ ಬೆಂಚಿನಲ್ಲಿ ಓಂಕಾರಯ್ಯನವರೇ ಕೂತಿದ್ದರು; ಏಳು ವರ್ಷಕ್ಕೊಮ್ಮೆಯ ಅವರ ಸರದಿ ಬಂದಿತ್ತು. ನನ್ನ ಗುರುತು ಅವರಿಗೆ ಸಿಗಲಿಲ್ಲ. ನಾನು ಹೆಗಲ ಮೇಲಿನ ಟವೆಲನ್ನು ಮಡಚುತ್ತ, ಬಿಚ್ಚುತ್ತ ನಿಂತೆ. ಪಾಠ ಮಾಡುವ ಸಬೀಹಾ ಮೇಡಂ ಒಂದು ಕಾಲಕ್ಕೆ ಅವರ ಶಿಷ್ಯೆ. “ಯಜಮಾನ್ರೇ, ನಿಧಾನಕ್ಕೆ ಹೇಳ್ರಿ. ತಲೆ ನೆರೆತಿದ್ರೂ ಇಲ್ಲಿರೋರೆಲ್ಲ ಶಾಲೆ ಮಕ್ಕಳೇ” ಎಂದರು. ಓಂಕಾರಯ್ಯನವರೂ ನಕ್ಕರು. ಆಮೇಲೆ ಎಲ್ಲವನ್ನೂ ಹೇಳಿದೆ.

ದವಡೆಯನ್ನು ಬಿಡಿಸಿದರು. ತಿರುಪಿನ ತುದಿ ತೆಳ್ಳನೆಯ ಮೂಳೆಯನ್ನು ತುಟಿಗೆ ಹೋಗುವ ನರದ ಮೇಲೆ ಒತ್ತಿ ಕೂತಿತ್ತು, ಕೂದಲೆಳೆಯಷ್ಟು. ಇದು ನನ್ನದೆಂದು ಯಾರೂ ಒಪ್ಪಿಕೊಳ್ಳಲೇಬೇಕೆಂಬ ನಿಯಮವಿರಲಿಲ್ಲ. ಓಂಕಾರಯ್ಯನವರು ಎದ್ದು ಬಂದು ಬಗ್ಗಿ ನೋಡಿದರು. “ಇದು ನನ್ನ ಕೆಲಸ. ಅರ್ಧ ಸುತ್ತು ಜಾಸ್ತಿ ತಿರುವೀನಿ. ಎಕ್ಸ್‌ರೇ ಚೆನ್ನಾಗಿ ಬಂದಿತ್ತು, ಅದಕ್ಕೇ ಆಯಮ್ಮನ್ನ ಏನೂ ಕೇಳಲಿಲ್ಲ” ಎಂದರು. ಇಪ್ಪತ್ತಾರು ವೈದ್ಯರು ಎದ್ದು ನಿಂತರು. ಅವರು ನಿಂತದ್ದು ಶಾಲೆಯ ಮುಖವನ್ನೇ ಸರಿಯಾಗಿ ಕಾಣದ ನನ್ನ ಹೆಂಡತಿಗೋ, ಆ ಹಿರಿಯರಿಗೋ ನನಗೆ ಗೊತ್ತಿಲ್ಲ. ಇಬ್ಬರ ಬಗ್ಗೆಯೂ ನನಗೆ ಹೆಮ್ಮೆಯಾಯಿತು. ಮನೆಗೆ ಬಂದ ಮೇಲೆ ಅತ್ತುಬಿಟ್ಟೆ.

ಈಗ ಓಂಕಾರಯ್ಯನವರು ತಮ್ಮ ಹಳೆಯ ರೋಗಿಗಳ ಮನೆಮನೆಗೆ ಹೋಗಿ, ಹೇಗೆ ಉಣ್ಣುತ್ತೀರಿ ಎಂದು ಕೇಳುತ್ತಿದ್ದಾರೆ. ಇನ್ನೂ ಇಬ್ಬರು ಜೋಮಿನ ವಿಷಯ ಬಾಯಿಬಿಟ್ಟಿದ್ದಾರೆ. ನಿಮ್ಮ ಕಾಲದಲ್ಲಿ ಈ ಕಲಿಕೆ ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರಕ್ಕೆ ಮುಗಿಯುತ್ತದೆಂದು ಕೇಳಿದ್ದೇನೆ. ನನ್ನ ವಿನಂತಿ ಇಷ್ಟೇ: ಮತ್ತೆ ಬೆಂಚಿನಲ್ಲಿ ಕೂರಲು ಸಂಕೋಚಪಡಬೇಡಿ, ಬದುಕಿರುವವರನ್ನೇ ಕೇಳಿ.

ನನ್ನ ದವಡೆಯನ್ನೂ ಬರೆದುಕೊಟ್ಟಿದ್ದೇನೆ. ನನ್ನ ಊಟದ ಮಾತು ಹೇಳಲು ಮನೆಯಲ್ಲಿ ಯಾರೂ ಉಳಿದಿಲ್ಲ. ಅದನ್ನು ತಾವೇ ಹೇಳುವುದಾಗಿ ಓಂಕಾರಯ್ಯನವರು ಒಪ್ಪಿದ್ದಾರೆ. ಅದಕ್ಕಾಗಿಯೇ ಪ್ರತಿ ಸೋಮವಾರ ಬಂದು, ನನ್ನೆದುರಿಗೆ ಕೂತು ಉಣ್ಣುತ್ತಾರೆ.

ನಿಮ್ಮ ಕೈಗಳಿಗೆ ಒಳ್ಳೆಯದಾಗಲಿ.

ಮಲ್ಲೇಶಪ್ಪ