ಹತ್ತೊಂಬತ್ತು ಹವಳಕ್ಕೆ ಹರಿಯುವ ನೀರು

ಮಾರ್ಚ್ 4, ಮಂಗಳವಾರ

ವರ್ಗಾವಣೆ ಸಿಕ್ಕಿತು, ಅವಳು ಬರುತ್ತಾಳೆ, ಜೂನ್‌ನಿಂದ ಇಲ್ಲಿನ ಬ್ರಾಂಚಿನಲ್ಲೇ ಕೆಲಸ! ಹತ್ತೂವರೆಗೆ ಫೋನ್ ಬಂತು. ಕನ್ನಡಕದ ಅಂಗಡಿಯಲ್ಲಿ ಒಬ್ಬ ಯಜಮಾನರ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಅವರ ಮೂಗಿನ ಮೇಲೆ ಗಾಜು ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಗೇ ಬಿಟ್ಟು ಹೊರಗೆ ಓಡಿದೆ. ವಾಪಸ್ ಬಂದರೆ ಒಂದು ಕಣ್ಣು ಮುಚ್ಚಿಕೊಂಡೇ ಕೂತಿದ್ದಾರೆ.

"ಏನಪ್ಪಾ, ಗಂಡೋ ಹೆಣ್ಣೋ?"

"ಹೆಂಡತಿ ಸಾರ್."

ಮದುವೆಯಾಗಿ ಮೂವತ್ತೊಂದು ದಿನ. ಜೊತೆಯಲ್ಲಿದ್ದದ್ದು ಒಂಬತ್ತು. ಉಳಿದದ್ದೆಲ್ಲ ಫೋನು.

ಒಬ್ಬಳೇ ಬರುವುದಿಲ್ಲ. ತವರಿನ ಹಿಂದಿನ ಕೋಣೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇದೆ, ಅದರಲ್ಲಿ ಜೀವಂತ ಹವಳ. ಒಂಬತ್ತು ವರ್ಷದಿಂದ ಸಾಕಿದ್ದು. ಹತ್ತೊಂಬತ್ತು. ಮಾವ ಆ ಬಾಡಿಗೆ ಮನೆ ಮೇ ಕೊನೆಗೆ ಖಾಲಿ ಮಾಡಬೇಕು. ಅಷ್ಟರೊಳಗೆ ಇಲ್ಲಿ ನೀರು ಹದವಾಗಿದ್ದರೆ ಹವಳ ಇಲ್ಲಿಗೆ. ಇಲ್ಲದಿದ್ದರೆ ಯಾರಿಗಾದರೂ ಕೊಟ್ಟು ಬರಬೇಕು.

"ನೀನು ಟ್ಯಾಂಕ್ ಮಾಡಿಸು ಸಾಕು. ನೀರು ಹೇಗೆ ತಿರುಗಿಸೋದು ಅಂತ ಇಬ್ರೂ ಯೋಚಿಸೋಣ" ಅಂದಳು. ಹೂಂ ಅಂದೆ. ಇವತ್ತು ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಸೊಸೆ ಹತ್ತೊಂಬತ್ತು ಹವಳ ತರುತ್ತಾಳೆ ಎಂದು ಅಮ್ಮ ಆಗಲೇ ಪಕ್ಕದ ಮನೆಗೆ ಹೇಳಿಯಾಗಿದೆ. ಅವರು ಸರವೋ ಬಳೆಯೋ ಎಂದು ಕೇಳಿದರಂತೆ.

ಮಾರ್ಚ್ 6, ಊಟದ ಬಿಡುವು

ಹವಳಕ್ಕೆ ಕಾಲಿಲ್ಲ. ಊಟವನ್ನು ನೀರೇ ತಂದುಕೊಡಬೇಕು, ಕೊಳೆಯನ್ನು ನೀರೇ ಒಯ್ಯಬೇಕು. ನೀರು ನಿಂತರೆ ಹವಳ ಸತ್ತ ಹಾಗೆ. ಬೆಳಿಗ್ಗೆ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ.

"ನಿಮ್ಮಪ್ಪ ಇದ್ದ ಹಾಗೆ ಅನ್ನು. ಕೂತಲ್ಲಿಗೇ ಎಲ್ಲಾ ಬರಬೇಕು."

ಅಕ್ವೇರಿಯಂ ಅಂಗಡಿಯ ಅಣ್ಣನ ಹತ್ತಿರ ಹೋಗಿದ್ದೆ. ಮೂರು ದಾರಿ ಹೇಳಿದರು. ಒಂದು, ವೇವ್‌ಮೇಕರ್ — ಟ್ಯಾಂಕಿನ ಒಳಗೆ ಗಾಜಿಗೆ ಆಯಸ್ಕಾಂತದಲ್ಲಿ ಅಂಟಿಸುವ ಫ್ಯಾನು. ಎರಡು, ಕ್ಲೋಸ್ಡ್ ಲೂಪ್ — ಹಿಂದಿನ ಗಾಜಿಗೆ ತೂತು, ಹೊರಗೆ ಒಂದೇ ದೊಡ್ಡ ಪಂಪು. ಅದು ನೀರು ಎಳೆದು ನಾಲ್ಕು ಬಾಯಿಯಿಂದ ಮತ್ತೆ ಒಳಗೆ ತಳ್ಳುತ್ತದೆ. ಮೂರು, ಮೇಲೊಂದು ಡ್ರಮ್ಮು. ತುಂಬಿದಾಗಲೆಲ್ಲ ಧಡಾರನೆ ಸುರಿಯುತ್ತದೆ, ಅಲೆ ಹೊಡೆದ ಹಾಗೆ.

"ಮೂರನೇದು ಬೇಡ ಬಿಡಿ. ಅತ್ತೆ ಸೊಸೆ ಶುರು ಮಾಡೋ ಮೊದಲೇ ಮನೇಲಿ ಅಷ್ಟು ಸದ್ದು ಯಾಕೆ?"

"ನೀವಾದ್ರೆ ಯಾವುದು ಹಾಕ್ತೀರಿ?"

"ವೇವ್‌ಮೇಕರ್. ತಪ್ಪಿದ್ರೆ ಕಿತ್ತು ಇನ್ನೊಂದು ಕಡೆ ಅಂಟಿಸಬಹುದು. ತೂತು ತಪ್ಪಿದ್ರೆ ಏನು ಮಾಡ್ತೀರಿ?"

ದಿನವಿಡೀ ಜನರನ್ನು ಕೇಳುತ್ತೇನೆ — ಒಂದನೆಯದು ಸ್ಪಷ್ಟವಾ, ಎರಡನೆಯದಾ? ಅವರು ತಡವರಿಸಿದರೆ ಒಳಗೊಳಗೇ ನಗುತ್ತೇನೆ. ಇವತ್ತು ನಾನೇ ಆ ಕುರ್ಚಿಯಲ್ಲಿ.

ಮಾರ್ಚ್ 9, ಭಾನುವಾರ

ಕ್ಲೋಸ್ಡ್ ಲೂಪ್. ತೀರ್ಮಾನ ಆಯಿತು. ಒಳಗೆ ಕಪ್ಪು ಫ್ಯಾನು ಇಲ್ಲ, ವೈರು ಇಲ್ಲ. ಬರೀ ಸಮುದ್ರ. ಅವಳು ಬಾಗಿಲು ತೆಗೆದು ಒಳಗೆ ಬರುತ್ತಾಳೆ, ಚಪ್ಪಲಿ ಬಿಡುವುದನ್ನೂ ಮರೆಯುತ್ತಾಳೆ... ಇದನ್ನೇ ನಾಲ್ಕು ದಿನದಿಂದ ಸಿನಿಮಾದ ಹಾಗೆ ನೋಡುತ್ತಿದ್ದೇನೆ. ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ. ಸರ್ಪ್ರೈಸ್.

ಸಂಜೆ ಫೋನಿನಲ್ಲಿ ಕೇಳಿದಳು, "ಲೋ, ಫ್ಲೋ ಬಗ್ಗೆ ಏನಾದ್ರೂ ನೋಡಿದ್ಯಾ?"

"ನೋಡ್ತಾ ಇದೀನಿ."

ಅಮ್ಮ ಫೋನ್ ತೆಗೆದುಕೊಂಡ ತಕ್ಷಣ ನಾನು 'ಅವರು' ಆದೆ. "ಅವರು ಊಟ ಮಾಡಿದ್ರಾ ಅತ್ತೆ?" ಎಷ್ಟು ಚೆನ್ನಾಗಿ ನಟಿಸುತ್ತಾಳೆ, ಕಳ್ಳಿ.

ಮಾರ್ಚ್ 15

ಗಾಜಿನ ಅಂಗಡಿ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಹಿಂದಿನ ಗಾಜಿಗೆ ಐದು ತೂತು. ಮೇಸ್ತ್ರಿ ಮಾರ್ಕರ್ ಹಿಡಿದು ಕೇಳಿದರು, "ಇಲ್ಲೇನಾ ಸಾರ್? ಅಳತೆ ಹಾಕಿಕೊಟ್ಟದ್ದು ಯಾರು?"

"ನಾನೇ."

ಅವರು ನನ್ನ ಮುಖ ನೋಡಿದರು. ಆಮೇಲೆ ಡ್ರಿಲ್ ಹಚ್ಚಿದರು.

ಮಾರ್ಚ್ 23, ಭಾನುವಾರ

ಟ್ಯಾಂಕ್ ಕೂತಿದೆ. ಉಪ್ಪು ಹಾಕುವ ಮೊದಲು ಬರೀ ನೀರಲ್ಲಿ ಒಂದು ಟ್ರಯಲ್. ಹರಿವು ಕಣ್ಣಿಗೆ ಕಾಣಬೇಕಲ್ಲ? ಸೋಸಿದ ಟೀಪುಡಿ ತಂದು ಹಾಕಿದೆ. ಅದ್ಭುತ ಐಡಿಯಾ ಅನ್ನಿಸಿತ್ತು. ಹತ್ತು ನಿಮಿಷಕ್ಕೆ ಎಂಟುನೂರು ಲೀಟರ್ ತಿಳಿ ಟೀ.

"ಹಾಲು ಎಷ್ಟು ಬೇಕೋ ಹೇಳು, ತರಿಸ್ತೀನಿ" ಅಂದರು ಅಮ್ಮ.

ನಡುವೆ ಟೀಪುಡಿ ಬಾಣದ ಹಾಗೆ ಹೋಗುತ್ತದೆ. ಎಡ ಮೂಲೆಯಲ್ಲಿ ಹೋಗಿ ಗುಡ್ಡೆಯಾಗಿ ಕೂರುತ್ತದೆ. ಏಳುವುದೇ ಇಲ್ಲ. ಬಾಯಿಗಳನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಅಷ್ಟೇ. ಬಂಡೆ ಇಟ್ಟ ಮೇಲೆ ಸರಿಹೋಗಬಹುದು.

ಸರಿಹೋಗಬೇಕು.

ಏಪ್ರಿಲ್ 19, ಶನಿವಾರ

ಬಂಡೆ, ಉಪ್ಪುನೀರು ಎಲ್ಲ ಆಗಿ ನಾಲ್ಕು ವಾರ ಆಗುತ್ತ ಬಂತು. ಮಾವ ಕೆಲಸದ ಮೇಲೆ ಈ ಕಡೆ ಬಂದಿದ್ದರು. ಮಡಿಲಲ್ಲಿ ಡಬ್ಬ, ಡಬ್ಬದಲ್ಲಿ ಒಂದೇ ಒಂದು ಹವಳ. ಮೊದಲು ಇದೊಂದು ಬದುಕುತ್ತದಾ ನೋಡೋಣ ಎಂದು ಅವಳೇ ಕಳಿಸಿದ್ದು. ಕಡುಗೆಂಪು, ಅಂಗೈಯಷ್ಟು. ಬಸ್ಸಿನಲ್ಲಿ ಆರು ಗಂಟೆ ಮಾವ ನೀರು ಕೂಡ ಕುಡಿದಿಲ್ಲ, ಏಳಬೇಕಾಗುತ್ತದೆ ಎಂದು.

"ಇವಳು ಕಾಲೇಜಿಗೆ ಹೋದಾಗಲೂ ನಾನು ಇಷ್ಟು ಹೆದರಿರಲಿಲ್ಲ" ಅಂದರು.

ನಟ್ಟನಡುವೆ ಇಟ್ಟೆ. ಅಲ್ಲೇ ಚೆನ್ನಾಗಿ ಕಾಣುವುದು.

ಏಪ್ರಿಲ್ 22, ಬೆಳಿಗ್ಗೆ

ಹವಳದಲ್ಲಿ ಪೈಪಿನ ಬಾಯಿಯ ಕಡೆ ಇದ್ದ ಅರ್ಧ ಬೆಳ್ಳಗಾಗಿದೆ. ಮೂಳೆ ಕಂಡ ಹಾಗೆ. ನೀರಿನ ಹೊಡೆತಕ್ಕೆ ಮಾಂಸವೇ ಎದ್ದುಹೋಗಿದೆ. ಇನ್ನೊಂದು ಅರ್ಧ ಇನ್ನೂ ಕೆಂಪು.

ಪಂಪ್ ಆಫ್ ಮಾಡಿದೆ. ಆಫ್ ಮಾಡಿದರೆ ಇರುವುದೂ ಸಾಯುತ್ತದೆ. ಮತ್ತೆ ಆನ್ ಮಾಡಿ ಹವಳವನ್ನು ಬಂಡೆಯ ಮರೆಗೆ ಸರಿಸಿದೆ.

ಅದೇ ದಿನ, ಸಂಜೆ ಐದೂವರೆ

ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತೂತು, ಪಂಪು, ಟೀಪುಡಿ, ಸರ್ಪ್ರೈಸು.

"ಒಂಬತ್ತು ವರ್ಷದಿಂದ ನಾನು ಇದನ್ನೇ ಮಾಡ್ತಿದೀನಿ. ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

ನಿಮಗೆ. ಪಕ್ಕದಲ್ಲಿ ಅಮ್ಮ ಇರಲಿಲ್ಲ.

"ಸರ್ಪ್ರೈಸ್ ಕೊಡೋಣ ಅಂತ..."

"ಸರ್ಪ್ರೈಸ್ ಅಂದ್ರೆ ಹೂವು ತರಬೇಕು. ನನ್ನ ಕೆಲಸ ನನಗೇ ಹೇಳದೆ ಮಾಡೋದಲ್ಲ."

ಉಳಿದ ಹದಿನೆಂಟನ್ನು ಅಲ್ಲಿನ ಕಾಲೇಜಿನವರು ಕೇಳಿದ್ದಾರಂತೆ. ಮೇ ಹತ್ತೊಂಬತ್ತರ ಒಳಗೆ ಹೇಳಬೇಕಂತೆ. ಕೊಟ್ಟುಬಿಡುತ್ತಾಳಂತೆ.

"ಮತ್ತೆ ನೀನು?"

"ಬರ್ತೀನಿ. ಕೆಲಸ ಅಲ್ಲಿದೆಯಲ್ಲ."

ಮೇ 4, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ದಿನಕ್ಕೊಂದು ಫೋನು. ಊಟ ಆಯ್ತಾ, ಆಯ್ತು. ಸೆಕೆನಾ, ಸೆಕೆ.

ಬೆಳಿಗ್ಗೆ ಅಮ್ಮ ಟ್ಯಾಂಕಿನ ಗಾಜು ಒರೆಸುತ್ತಿದ್ದರು. ನಾನು ನೂರೊಂದನೆಯ ಸಲ ಹೇಳಿದೆ — ಒಳ್ಳೆ ಉದ್ದೇಶದಿಂದಲೇ ಮಾಡಿದ್ದು.

"ನಿನ್ನ ಅಂಗಡಿಗೆ ಬಂದೋರಿಗೆ ಕೇಳದೆ ಕನ್ನಡಕ ಹಾಕಿ ಕಳಿಸ್ತೀಯೇನೋ? ಒಳ್ಳೆ ಉದ್ದೇಶದಿಂದ?"

ಅಮ್ಮ ಬಟ್ಟೆ ಹಿಂಡಿ ಒಳಗೆ ಹೋದರು.

ಸಾರಿ ಎಂದು ಹನ್ನೆರಡು ದಿನದಲ್ಲಿ ಎಷ್ಟು ಸಲ ಕಳಿಸಿದ್ದೇನೋ. ಇವತ್ತು ಅದನ್ನು ಬಿಟ್ಟೆ. ಟ್ಯಾಂಕಿನ ಫೋಟೋ ತೆಗೆದೆ — ಮುಂದಿನಿಂದ, ಮೇಲಿನಿಂದ, ಕೊಳೆ ಕೂತ ಎಡ ಮೂಲೆಯದೂ. ಕೆಳಗೆ ಬರೆದೆ: "ನನಗೆ ಗೊತ್ತಾಗ್ತಿಲ್ಲ. ಇಲ್ಲಿ ಏನು ಹಾಕಬೇಕು?"

ಎರಡು ಗಂಟೆ ಏನೂ ಇಲ್ಲ. ಆಮೇಲೆ ಒಂದು ಸಾಲು. "ಮೊದಲು ಬಂಡೆ ಎಲ್ಲಾ ಹಿಂದಿನ ಗಾಜಿನಿಂದ ಒಂದು ಗೇಣು ಮುಂದೆ ಎಳೀರಿ."

ಎಳೆದೆ. ಮೊಣಕೈ ತರಚಿತು. ಉಪ್ಪುನೀರು, ಉರಿ. ಎಷ್ಟು ಖುಷಿ ಅಂದರೆ...

ಮೇ 11, ಭಾನುವಾರ

ವಿಡಿಯೋ ಕಾಲ್. ಅಮ್ಮ ಫೋನ್ ಹಿಡಿದಿದ್ದರು, ನಾನು ಭುಜದವರೆಗೆ ನೀರಲ್ಲಿ. ಅವಳು ಹೇಳಿದ ಹಾಗೆ ಎರಡು ವೇವ್‌ಮೇಕರ್, ಎರಡು ತುದಿಗೆ, ಎದುರುಬದುರು. ಆರು ಸೆಕೆಂಡು ಇದು ತಳ್ಳುತ್ತದೆ, ಆರು ಸೆಕೆಂಡು ಅದು. ನಡುವೆ ಎರಡೂ ಕಡೆಯ ನೀರು ಡಿಕ್ಕಿ ಹೊಡೆದು ಚದುರಿಹೋಗುತ್ತದೆ. ಬಾಣ ಇಲ್ಲ. ತೂತುಗಳಿಗೆ ಮುಚ್ಚಳ ಬಿಗಿದೆ. ಕರೆಂಟ್ ಹೋದರೆ ಇರಲಿ ಎಂದು ಬ್ಯಾಟರಿ.

"ಇಲ್ಲಿ ಸರೀನಾ, ಮೊದಲಿದ್ದ ಕಡೆ ಸರೀನಾ?"

"ಮೊದಲಿದ್ದ ಕಡೆ. ಅಲ್ಲಲ್ಲ, ಎರಡನೇದು. ಒಂಚೂರು ಮೇಲೆ."

"ಎರಡೂ ಒಂದೇ ಥರ ಕಾಣತ್ತಮ್ಮ" ಅಂದರು ಅಮ್ಮ.

"ಅತ್ತೆ, ಎಡ ಮೂಲೆ ತೋರಿಸಿ. ಅಲ್ಲಿ ಕಸ ಏಳ್ತಿದ್ಯಾ?"

ಎದ್ದಿತು. ಮೂಲೆಯ ಕಸ ಮೆಲ್ಲಗೆ ಎದ್ದು, ಒಂದು ಸುತ್ತು ಹೊಡೆದು, ಸೋಸುವ ಕಡೆಗೆ ಹೊರಟಿತು. ಕಪ್ಪು ಫ್ಯಾನು ಎರಡೂ ಕಾಣುತ್ತವೆ. ವೈರೂ ಕಾಣುತ್ತದೆ. ಮುಖದ ಮೇಲೆ ಕನ್ನಡಕ ಇದ್ದ ಹಾಗೆ.

"ಲೋ, ಅಂಗಿ ಬದಲಾಯಿಸು, ನೆಗಡಿ ಆಗತ್ತೆ" ಅಂದಳು. ಅಮ್ಮನ ಎದುರಿಗೇ. ಅಮ್ಮ ಕೇಳಿಸದ ಹಾಗೆ ಗೋಡೆ ಗಡಿಯಾರ ನೋಡಿದರು.

ಕಾಲೇಜಿನ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೇ 17

ಮಧ್ಯಾಹ್ನ ನಲವತ್ತು ನಿಮಿಷ ಕರೆಂಟ್ ಇಲ್ಲ. ಫ್ಯಾನುಗಳು ಬ್ಯಾಟರಿಯಲ್ಲಿ ತಿರುಗಿದವು. ಅರ್ಧ ಹವಳದ ಕೆಂಪು ಭಾಗ ಮೊದಲ ಸಲ ಪೂರ್ತಿ ಅರಳಿದೆ. ಸಣ್ಣ ಸಣ್ಣ ಬೆರಳು, ಒಮ್ಮೆ ಈ ಕಡೆ ಬಾಗುತ್ತವೆ, ಒಮ್ಮೆ ಆ ಕಡೆ. ವಿಡಿಯೋ ಕಳಿಸಿದೆ. ಬಿಳಿ ಭಾಗವನ್ನೂ ಸೇರಿಸಿಯೇ ತೆಗೆದೆ.

ನೋಡಿದ್ದಾಳೆ. ಉತ್ತರ ಇಲ್ಲ.

ಮೇ 19, ಸೋಮವಾರ

ಇವತ್ತು ಕಾಲೇಜಿಗೆ ಹೇಳುವ ದಿನ. ಒಬ್ಬರಿಗೆ ಎಡಗಣ್ಣಿನ ನಂಬರ್ ಬಲಗಣ್ಣಿಗೆ ಬರೆದೆ. ಅವರೇ ನೋಡಿ ಹೇಳಿದರು.

ಫೋನ್ ಇಲ್ಲ. ನಾನೂ ಮಾಡಲಿಲ್ಲ. ಕೇಳಿದರೆ ಒತ್ತಾಯ ಮಾಡಿದ ಹಾಗೆ.

ಮೇ 20

ಇಲ್ಲ.

ಮೇ 24, ಶನಿವಾರ, ಬೆಳಿಗ್ಗೆ ಎಂಟೂಕಾಲು

ಅಂಗಡಿಗೆ ಹೊರಟವನು ವಾಪಸ್ ಬಂದು ಕೂತು ಬರೆಯುತ್ತಿದ್ದೇನೆ. ಅವಳ ಮೆಸೇಜ್. ಒಂದು ಟಿಕೆಟಿನ ಫೋಟೋ, ಅಷ್ಟೇ, ಮಾತೊಂದೂ ಇಲ್ಲ. ಮಾವ ಬರುತ್ತಿಲ್ಲ, ಮನೆ ಖಾಲಿ ಮಾಡುವ ಗಡಿಬಿಡಿ ಎಂದು ಮೊನ್ನೆಯೇ ಹೇಳಿದ್ದರು. ನಾಲ್ಕು ಸಲ ಓದಿದೆ. ಕಣ್ಣು ಪರೀಕ್ಷೆ ಮಾಡುವವನಿಗೆ ಅಕ್ಷರಗಳು ಮಂಜಾಗುತ್ತಿವೆ. ಗುರುವಾರ, ಇಪ್ಪತ್ತೊಂಬತ್ತು. ಬೆಳಗಿನ ಇಂಟರ್‌ಸಿಟಿ, ಇಲ್ಲಿಗೆ ಹನ್ನೊಂದು ಇಪ್ಪತ್ತಕ್ಕೆ. ಬೋಗಿ ಸಿ ಮೂರು. ಸೀಟು ಎರಡು — ಒಂದು ಅವಳಿಗೆ, ಪಕ್ಕದ್ದು ಹದಿನೆಂಟು ಹವಳಕ್ಕೆ.