ಸೋಲ್ವೆಗ್ ಕೊಟ್ಟ ಲಟ್ಟಣಿಗೆ

ಮೇ 17, ಭಾನುವಾರ

ಭುಜ ಎತ್ತಲಾಗುತ್ತಿಲ್ಲ. ಊರಿನಲ್ಲಿ ನೆಲೆಸಿದ ನಾರ್ವೇಜಿಯನ್ನರ ಹಬ್ಬಕ್ಕೆಂದು ಬೆಳಿಗ್ಗೆಯಿಂದ ಲೆಫ್ಸೆ ಲಟ್ಟಿಸಿದೆ. ಆಲೂಗಡ್ಡೆಯ ತೆಳು ರೊಟ್ಟಿ, ಅದಕ್ಕೆ ಬೆಣ್ಣೆ, ಸಕ್ಕರೆ. ಹೋಳಿಗೆಯಲ್ಲಿ ಪಳಗಿದ ಕೈಯೆಂದು ಪಕ್ಕದ ಮನೆಯ ಸೋಲ್ವೆಗ್ ಪ್ರತಿ ವರ್ಷ ಕರೆಯುತ್ತಾರೆ. ಅವರಿಗೆ ಎಂಬತ್ತಾರಾಯಿತು, ಈ ಸಲ ಕುರ್ಚಿಯಿಂದ ಏಳಲಿಲ್ಲ. ಅವರ ಮೊಮ್ಮಕ್ಕಳು ಬಾವುಟ ಹಿಡಿದು ಬಂದರು, ತಿಂದರು, ಹೋದರು.

ಮೊದಲ ಲೆಫ್ಸೆಯನ್ನು ಅಭ್ಯಾಸಬಲದಿಂದ ದೇವರಿಗೆಂದು ಎತ್ತಿಟ್ಟುಬಿಟ್ಟೆ. ಸೋಲ್ವೆಗ್ ಅದನ್ನೇ ನೋಡುತ್ತಿದ್ದರು. ನಾನು ಹೊರಡುವಾಗ ತಮ್ಮ ಗೀರುಗೀರಿನ ಲಟ್ಟಣಿಗೆಯನ್ನು ನನ್ನ ಕೈಗಿಟ್ಟರು. “ನನ್ನ ತಾಯಿಯದು. ಇನ್ನು ನಿನ್ನ ಹತ್ತಿರ ಇರಲಿ.”

ಅದನ್ನು ಹಿಡಿದು ಮನೆಗೆ ಬಂದೆ.

ಹೋಳಿಗೆ ಕಲಿ ಎಂದಾಗಲೆಲ್ಲ ಮಗಳು ರಕ್ಷಾ, “ಅಮ್ಮಾ, ಜಸ್ಟ್ ಬೈ ಇಟ್ ಇನ್ ಐಸೆಲಿನ್” ಎನ್ನುತ್ತಾಳೆ; ಅಲ್ಲಿ ಭಾರತೀಯ ಅಂಗಡಿಗಳ ಸಾಲೇ ಇದೆ. ನನ್ನ ಅಮ್ಮನ ಲಟ್ಟಣಿಗೆಯ ಪಕ್ಕ ಇದನ್ನೂ ಇಟ್ಟೆ. ಒಂದನ್ನೇ ಯಾರಿಗೆ ಕೊಡಲೆಂದು ತಿಳಿಯದವಳ ಬಳಿ ಈಗ ಎರಡು.